ಐವತ್ತೊಂಬತ್ತು ಖಾಲಿ ಲೈನು

ಬಾಯಿ ಇದೆ, ನಾಲಿಗೆ ಇದೆ, ಹೇಳಬೇಕಾದದ್ದು ಎದೆಯ ತುಂಬ ಇದೆ. ಆದರೆ ಒಂದೇ ಒಂದು ಮಾತು ಆಡಬೇಕಾದರೂ ಪಾಳಿ ಹಚ್ಚಬೇಕು. ಇಂಥ ಊರು ಇದ್ದೀತೇ ಎಂದು ನೀವು ನಗಬಹುದು. ಮಾಗಣಿಪೇಟೆಯ ಜನ ನಗುವುದಿಲ್ಲ. ಅವರು ಆರು ವರ್ಷದಿಂದ ಹಾಗೇ ಬದುಕುತ್ತಿದ್ದಾರೆ, ಅವರಲ್ಲಿ ಒಬ್ಬಳು ಹಾಗೇ ಸತ್ತಳು ಕೂಡ. ಅವಳ ಹೆಸರು ಬಂಗಾರೆವ್ವ. ಅವಳನ್ನು ಕೊಂದದ್ದು ಎದೆನೋವು ಎಂದು ಸರಕಾರಿ ಕಾಗದ ಹೇಳುತ್ತದೆ. ಕಾಗದಕ್ಕೇನು, ಬರೆದವರು ಹೇಳಿಸಿದ್ದನ್ನು ಹೇಳುತ್ತದೆ.

ಆರು ವರ್ಷದ ಹಿಂದೆ ಆ ಸೀಮೆಯಲ್ಲಿ ಒಂದು ಜ್ವರ ಹಬ್ಬಿತ್ತು. ಹನ್ನೆರಡು ದಿನ ಕಾಯುವುದು, ಆಮೇಲೆ ಇಳಿಯುವುದು. ಇಳಿಯುವಾಗ ಮನುಷ್ಯನ ಪದಗಳನ್ನೆಲ್ಲ ಬಳಿದುಕೊಂಡು ಹೋಗುವುದು. ನೆನಪು ಉಳಿಯುತ್ತಿತ್ತು, ಬುದ್ಧಿ ನೆಟ್ಟಗಿರುತ್ತಿತ್ತು, ಎದುರಿನವರು ಆಡಿದ್ದು ಪೂರಾ ತಿಳಿಯುತ್ತಿತ್ತು. ತಾನು ಆಡಹೋದರೆ ಮಾತ್ರ ಗಂಟಲಿನಿಂದ ಬರಿ ಗಾಳಿ. ಬರೆಯಹೋದರೆ ಬರಿ ಗೀಚು. ಮೂವತ್ತೊಂದು ಸಾವಿರ ಮಂದಿ ಹೀಗೆ ಮೂಕರಾದರು.

ಇದಕ್ಕೊಂದು ದಾರಿ ಹುಡುಕಿದವರ ಹೊಟ್ಟೆ ತಣ್ಣಗಿರಲಿ. ಜ್ವರ ಇಳಿಯುವ ಮೊದಲೇ ರೋಗಿಯ ತಲೆಗೆ ಟೋಪಿಯಂಥದೊಂದನ್ನು ತೊಡಿಸಿ, ಅವನ ಪದಗಳನ್ನು ನಕಲು ಮಾಡಿ ತೆಗೆದಿಡುವ ಉಪಾಯ ಸಿಕ್ಕಿತು. ಊರಾಚೆಯ ಹಳೆಯ ಹತ್ತಿ ಗೋದಾಮಿನಲ್ಲಿ, ತಂಪು ನೀರಿನ ತೊಟ್ಟಿಗಳಲ್ಲಿ, ನರಕೋಶಗಳನ್ನು ಬೆಳೆಸಿ ಒಂದು ಪದಭಂಡಾರ ಕಟ್ಟಿ, ಅದನ್ನು ನಡೆಸಲು ಒಂದು ಕೇಂದ್ರ ತೆರೆದರು. ರೋಗಿಯ ಕೊರಳಿಗೆ ಒಂದು ಪಟ್ಟಿ. ಮಾತಾಡಬೇಕೆನಿಸಿದ ಕೂಡಲೇ ಪಟ್ಟಿ ಕೇಂದ್ರದ ಜಾಲತಾಣಕ್ಕೆ ಕೋರಿಕೆ ಕಳಿಸುತ್ತದೆ. ಜಾಲತಾಣ ಭಂಡಾರಕ್ಕೆ ಒಂದು ಲೈನು ಹಿಡಿದು, ಅವನವೇ ಪದಗಳನ್ನು ತಂದು ಅವನ ನಾಲಿಗೆಗೆ ಕೊಡುತ್ತದೆ. ಎಲ್ಲ ಸರಿ ಇದ್ದರೆ ಒಂದು ಸೆಕೆಂಡು.

ತೊಡಕು ಇದ್ದದ್ದು ಲೈನಿನಲ್ಲಿ. ಭಂಡಾರ ಜೀವಂತ ವಸ್ತು. ಅದಕ್ಕೆ ಒಂದು ಹೊಸ ಲೈನು ಕೂಡಿಸಬೇಕಾದರೆ ಇಪ್ಪತ್ತು ನಿಮಿಷ ಬೇಕು. ಒಂದೊಂದು ಮಾತಿಗೆ ಒಂದೊಂದು ಲೈನು ಕೂಡಿಸುತ್ತ ಕುಳಿತರೆ ನೀರು ಬೇಡಿದವನಿಗೆ ನೀರು ಸಿಗುವಷ್ಟರಲ್ಲಿ ಬಾಯಾರಿಕೆಯೇ ಹೋಗಿರುತ್ತದೆ. ಅದಕ್ಕೆ ಲೈನುಗಳನ್ನು ಮೊದಲೇ ಕೂಡಿಸಿ, ಬಿಡದೆ ತೆರೆದಿಟ್ಟು, ಬೇಕಾದವರಿಗೆ ಕೊಟ್ಟು, ಅವರ ಮಾತು ಮುಗಿದ ಕೂಡಲೇ ಇಸಕೊಂಡು ಮತ್ತೊಬ್ಬರಿಗೆ ಕೊಡುವ ಏರ್ಪಾಡು. ಇದಕ್ಕೆ ಕೇಂದ್ರದವರು ಪೂಲ್ ಎನ್ನುತ್ತಿದ್ದರು. ಮೊದಲ ವಾರ ಯಾರೋ ಧಾರಾಳಿ ಒಂಬೈನೂರು ಲೈನು ತೆರೆದಿಟ್ಟ. ಭಂಡಾರ ಕಾದು ಕೆಂಡವಾಗಿ, ಇಡೀ ದಿನ ಊರ ಜನ ಉಳ್ಳಾಗಡ್ಡಿ ಕೇಳಹೋಗಿ ಎತ್ತು ಕೇಳಿದರು, ಗಂಡನನ್ನು ಕರೆಯಹೋಗಿ ಒನಕೆಯನ್ನು ಕರೆದರು. ಅಂದಿನಿಂದ ನಾನೂರೇ ಲೈನು ಎಂದು ನಿಗದಿಯಾಯಿತು, ಒಂದೂ ಹೆಚ್ಚಿಲ್ಲ.

ಈ ಪೂಲ್ ನೋಡಿಕೊಳ್ಳುವ ಕೆಲಸ ದ್ರಾಕ್ಷಾಯಣಿಯದು. ಎಷ್ಟು ಲೈನು ತೆರೆದಿರಬೇಕು, ಸಿಗದವರು ಎಷ್ಟು ಹೊತ್ತು ಕಾಯಬೇಕು, ಹಿಡಿದವರು ಎಷ್ಟು ಹೊತ್ತಿಗೆ ಬಿಡಬೇಕು, ಎಲ್ಲವೂ ಅವಳ ಮೇಜಿನ ಮೇಲೆ ನಾಲ್ಕಾರು ಅಂಕಿಗಳು. ಅವಳನ್ನು ಸಾಕಿ ಬೆಳೆಸಿದ ಅಕ್ಕ ಬಂಗಾರೆವ್ವ ಸಂತೆ ಬಯಲಿನ ಹತ್ತಿರ ಖಾನಾವಳಿ ನಡೆಸುತ್ತಿದ್ದವಳು. ಜ್ವರದಲ್ಲಿ ಅಕ್ಕನ ಮಾತು ಹೋಯಿತು, ತಂಗಿಯದು ಉಳಿಯಿತು. ಪೂಲ್ ಎಂದರೇನು ಎಂದು ದ್ರಾಕ್ಷಾಯಣಿ ಒಂದು ದಿನ ಊಟದ ಹೊತ್ತಿನಲ್ಲಿ ಬಿಡಿಸಿ ಹೇಳಲು ಕುಳಿತಾಗ, ಬಂಗಾರೆವ್ವ ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡು, ಲೈನು ಸಿಕ್ಕು ಪಟ್ಟಿಯ ದೀಪ ಹಸಿರಾದ ಮೇಲೆ ಅಂದಿದ್ದಳು:

"ಇದರಾಗೇನ್ ಶಾಣೇತನ? ನನ್ನ ಹತ್ರ ನಲವತ್ತ ತಾಟ ಅದಾವ, ದಿನಾ ನಾನೂರ ಮಂದಿ ಉಣ್ತಾರ. ಉಂಡಾವ ಎದ್ದರ ಸಾಕು."

ಅಷ್ಟು ಅಂದು, ಪಟ್ಟಿಯ ಗುಂಡಿ ಒತ್ತಿ ಲೈನು ಬಿಟ್ಟುಕೊಟ್ಟಳು. ಅದು ಆ ಊರಿನ ರೂಢಿ, ಯಾರೂ ಕಲಿಸದೆ ಬಂದದ್ದು. ಸುಮ್ಮನಿದ್ದರೂ ಒಂದಿಷ್ಟು ಹೊತ್ತಿನ ಮೇಲೆ ಲೈನು ತಾನಾಗಿ ಹಿಂದಿರುಗುತ್ತಿತ್ತು. ಆದರೆ ಮಾಗಣಿಪೇಟೆಯ ಜನ ಮಾತು ಮುಗಿದ ತಕ್ಷಣ ಗುಂಡಿ ಒತ್ತುತ್ತಿದ್ದರು, ಹಿಂದೆ ಯಾರೋ ನಿಂತಿರುತ್ತಾರೆ ಎಂದು. ಒಂದು ಉಸಿರಿಗೆ ಹಿಡಿಯುವಷ್ಟೇ ಮಾತು. ಗಂಡಹೆಂಡಿರ ಜಗಳಗಳು ಚಿಕ್ಕವಾದವು. ಚಾಡಿ ಹೇಳುವವರಿಗೆ ಬೇಜಾರೋ ಬೇಜಾರು. ಹಾಡು ಕಲಿಸುವ ಪಂಚಾಕ್ಷರಿ ಮಾಸ್ತರರು ಪಾಠವನ್ನು ಕೈಸನ್ನೆಗೆ ಇಳಿಸಿದರು. ಯಾರಾದರೂ ಗುಂಡಿ ಒತ್ತದೆ ಕುಳಿತರೆ ಮಗ್ಗುಲಿನವರು ಮೊಣಕೈಯಿಂದ ತಿವಿಯುತ್ತಿದ್ದರು.

ಈ ರೂಢಿ ಹಿಡಿಯದವರು ಊರಲ್ಲಿ ಆರೇ ಮಂದಿ. ಅವರಲ್ಲಿ ಮೊದಲನೆಯವರು ಕೇಂದ್ರದ ನಿರ್ದೇಶಕ ಪ್ರಭುಲಿಂಗ ಅಸುಂಡಿ. ಸಾಹೇಬರಿಗೂ ಜ್ವರ ಬಂದಿತ್ತು, ಸಾಹೇಬರ ಮಾತೂ ಹೋಗಿತ್ತು. ಆದರೆ ಅದನ್ನು ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಬೇಸಿಗೆಯಿರಲಿ ಚಳಿಯಿರಲಿ ಕೊರಳಿಗೆ ರೇಷ್ಮೆಯ ಒಂದು ಮಫ್ಲರ್; ಅದರ ಕೆಳಗೆ ಪಟ್ಟಿ. "ನಾನು ಜ್ವರ ಗೆದ್ದಾಂವ" ಎಂದು ಸಭೆಗಳಲ್ಲಿ ಭಾಷಣ ಬೇರೆ. ಒಂದು ದಿನ ಅವರು ದ್ರಾಕ್ಷಾಯಣಿಯನ್ನು ಕೋಣೆಗೆ ಕರೆದು, ಆರು ಪಟ್ಟಿಗಳ ನಂಬರು ಹೇಳಿ, ಇವು ಯಾವತ್ತೂ ಕಾಯಕೂಡದು ಎಂದರು.

"ಇವರಿಗಂತ ಅರವತ್ತ ಲೈನ್ ಬ್ಯಾರೇನ ಇಡು. ತುರ್ತು ವಿಭಾಗ ಅಂತ ಹೆಸರ ಕೊಡು."

"ಆರು ಮಂದಿಗೆ ಅರವತ್ತ ಯಾಕ್ರಿ ಸರ್? ಆರು ಸಾಕಲ್ರಿ."

"ಒಂದ ಕೆಟ್ಟರ ಇನ್ನೊಂದ ಬೇಕಲ್ಲವಾ. ಸರಾಸರಿ ತೊಂಬತ್ತ ಲೈನ ಸೈತ ಬಳಕಿ ಆಗೂದಿಲ್ಲ, ನಿನಗ್ಯಾಕ ಚಿಂತಿ?"

ಕಾಗದದ ಮೇಲೆ ಏನೂ ಕೊಡಲಿಲ್ಲ. ಬಾಯಿಮಾತಿನ ಹುಕುಂ. ದ್ರಾಕ್ಷಾಯಣಿ ಬಂದು ಅರವತ್ತು ಎಂದು ಒತ್ತಿದಳು. ಊರಿನ ಪಾಲಿಗೆ ಮುನ್ನೂರ ನಲವತ್ತು ಉಳಿಯಿತು. ಪಾಳಿ ಬೆಳೆದು ಜನ ಗೊಣಗತೊಡಗಿದಾಗ, ಮೂವತ್ತು ಸೆಕೆಂಡಿನೊಳಗೆ ಲೈನು ಸಿಗದ ಕೋರಿಕೆಯನ್ನು ಕೈಬಿಟ್ಟು, ಅವರು ಮತ್ತೆ ಕೇಳಿದರೆ ಪಾಳಿಯ ಬಾಲಕ್ಕೆ ನಿಲ್ಲಿಸುವಂತೆ ಇನ್ನೊಂದು ಅಂಕಿ ಹಾಕಿದಳು. ಇದನ್ನು ಯಾರೂ ಹೇಳಿರಲಿಲ್ಲ. ಪರದೆಯ ಮೇಲೆ ಪಾಳಿ ಉದ್ದ ಕಾಣಬಾರದೆಂದು ತಾನೇ, ಚಹಾ ಕುಡಿಯುತ್ತ, ಎರಡು ನಿಮಿಷದಲ್ಲಿ ಮಾಡಿದ ಕೆಲಸ.

ಒಂದು ಮಂಗಳವಾರ, ಸಂತೆಯ ದಿನ, ಮುಂಜಾನೆ ಹನ್ನೊಂದರ ಹೊತ್ತಿಗೆ ಬಂಗಾರೆವ್ವ ಮನೆಯಲ್ಲಿ ಒಬ್ಬಳೇ ಇದ್ದಳು. ಎದೆಯಲ್ಲಿ ಚಳಕು ಹೊಡೆಯಿತು. ಆಂಬುಲೆನ್ಸಿಗೆ ಫೋನು ಹಚ್ಚಿದಳು. ಅತ್ತ ಕಡೆಯವನು "ಹಲೋ, ಹೇಳ್ರಿ" ಎಂದ. ಪಟ್ಟಿಯ ದೀಪ ಹಳದಿ. ಹಳದಿ ಎಂದರೆ ಪಾಳಿಯಲ್ಲಿದ್ದೀಯ, ಕಾಯಿ. ಮಾತಿಲ್ಲದ ಫೋನನ್ನು ಅವನೆಷ್ಟು ಹೊತ್ತು ಹಿಡಿದಾನು, ಇಟ್ಟುಬಿಟ್ಟ. ಅವಳು ಮತ್ತೆ ಹಚ್ಚಿದಳು. ಮತ್ತೆ ಹಳದಿ, ಮತ್ತೆ ಇಟ್ಟ. ಮೂರನೆಯ ಸಲ ಹಚ್ಚಿದಾಗ ಅವನು ಬೈದು ಇಟ್ಟ. ನೆರೆಮನೆಯವರು ಮಧ್ಯಾಹ್ನ ಮೊಸರು ಕೇಳಲು ಹೋದಾಗ ಬಂಗಾರೆವ್ವ ಅಡುಗೆಮನೆಯ ಹೊಸ್ತಿಲಿಗೆ ತಲೆಯಿಟ್ಟು ಬಿದ್ದಿದ್ದಳು.

ಕೇಂದ್ರದ ವರದಿ ಎರಡೇ ದಿನದಲ್ಲಿ ಬಂತು. ಅಸುಂಡಿ ಸಾಹೇಬರದೇ ಸಹಿ. "ಪಟ್ಟಿ ಚಾಲೂ ಇದ್ದರೆ ಒಂದು ಸೆಕೆಂಡಿನೊಳಗೆ ಪದ ದೊರೆಯುತ್ತದೆ. ಮೃತಳಿಗೆ ಪದ ದೊರೆತಿಲ್ಲ. ಆದ್ದರಿಂದ ಮೃತಳು ತನ್ನ ಪಟ್ಟಿಯನ್ನು ಬಂದ್ ಇಟ್ಟಿದ್ದಳೆಂದು ತಿಳಿಯತಕ್ಕದ್ದು." ಅಂದರೆ ತಪ್ಪು ಸತ್ತವಳದು. ಓದಿದ ದ್ರಾಕ್ಷಾಯಣಿಗೆ ಮೈಯೆಲ್ಲ ಉರಿ ಎದ್ದಿತು. ದಿನಕ್ಕೆ ನಾನೂರು ಜನರಿಗೆ ಬಡಿಸಿ, ಊರಿಗೆಲ್ಲ ಪಾಳಿ ಬಿಟ್ಟುಕೊಟ್ಟು, ಅರ್ಧ ಮಾತಿನಲ್ಲಿ ಬದುಕಿದವಳ ತಲೆಗೆ ಕೊನೆಗೆ ಇದನ್ನೂ ಕಟ್ಟಿದರಲ್ಲ!

ಅವಳು ನಿಯಂತ್ರಣ ಕೋಣೆಗೆ ಹೋಗಿ ಆ ದಿನದ ದಾಖಲೆ ತೆಗೆದಳು. ಜೊತೆಗೆ ಕೆಲಸ ಮಾಡುವ ಚಂಬಣ್ಣ, ತೊಟ್ಟಿಗಳ ತಾಪ ನೋಡಿಕೊಳ್ಳುವ ಹಿರಿಯ, ಬಂದು ಕುರ್ಚಿಯ ಹಿಂದೆ ನಿಂತ.

"ಬ್ಯಾಡ ತಂಗಿ, ನೋಡಬ್ಯಾಡ. ನೋಡಿ ಏನ್ ಮಾಡ್ತಿ?"

"ಏನ್ ಮಾಡಬೇಕಂತ ನೋಡಿದ ಮ್ಯಾಲ ಹೇಳ್ತೀನಿ ಚಂಬಣ್ಣಾ."

ಹನ್ನೊಂದು ಗಂಟೆ ಏಳು ನಿಮಿಷಕ್ಕೆ ಅಕ್ಕನ ಪಟ್ಟಿಯಿಂದ ಮೊದಲ ಕೋರಿಕೆ. ಮೂವತ್ತು ಸೆಕೆಂಡಿಗೆ ಕೈಬಿಟ್ಟಿದೆ. ಎಂಟು ನಿಮಿಷಕ್ಕೆ ಎರಡನೆಯದು, ಕೈಬಿಟ್ಟಿದೆ. ಹತ್ತು ನಿಮಿಷಕ್ಕೆ ಮೂರನೆಯದು, ಅದನ್ನೂ ಕೈಬಿಟ್ಟಿದೆ. ಆಗ ಊರಿನ ಮುನ್ನೂರ ನಲವತ್ತು ಲೈನೂ ಭರ್ತಿ. ಪಾಳಿಯಲ್ಲಿ ಇನ್ನೂರ ಹನ್ನೆರಡು ಮಂದಿ. ಸಂತೆಯ ಹನ್ನೊಂದು ಗಂಟೆ ಎಂದರೆ ಊರಿಗೆ ಊರೇ ಚೌಕಾಸಿ ಮಾಡುವ ಹೊತ್ತು. ಪಕ್ಕದ ಕಾಲಮ್ಮಿನಲ್ಲಿ ತುರ್ತು ವಿಭಾಗ. ಅರವತ್ತರಲ್ಲಿ ಬಳಕೆಯಲ್ಲಿದ್ದದ್ದು ಒಂದು. ಐವತ್ತೊಂಬತ್ತು ಖಾಲಿ. ಬಳಕೆಯಲ್ಲಿದ್ದ ಆ ಒಂದನ್ನು ಹನ್ನೊಂದನೆಯ ನಂಬರಿನ ಪಟ್ಟಿ ಎರಡು ತಾಸು ನಲವತ್ತು ನಿಮಿಷದಿಂದ ಬಿಡದೆ ಹಿಡಿದಿತ್ತು. ಅದು ಯಾರ ಪಟ್ಟಿ ಎಂದು ದ್ರಾಕ್ಷಾಯಣಿಗೆ ಗೊತ್ತು. ಆ ಹೊತ್ತಿಗೆ ಸಾಹೇಬರು ಮೇಲಿನ ಮಹಡಿಯಲ್ಲಿ ಬಂದವರಿಗೆ ತಮ್ಮ ಸಾಧನೆ ಕೊರೆಯುತ್ತಿದ್ದರು.

ಅವಳು ಕಾಗದ ಹಿಡಿದು ಸೀದಾ ಮೇಲಕ್ಕೆ ಹೋದಳು. ಅಸುಂಡಿ ಓದಿದರು, ಮಡಚಿದರು, ಮೇಜಿನ ಮೇಲಿಟ್ಟರು.

"ಕುಂದ್ರವಾ ತಂಗಿ. ದುಃಖ ಆಗೈತಿ ನಿನಗ, ನನಗ ತಿಳಿತೈತಿ. ಆದ್ರ ಒಂದ ವಿಚಾರ ಮಾಡು. ತುರ್ತು ವಿಭಾಗ ಅಂತ ನಾ ಎಲ್ಲೆರ ಬರದ ಕೊಟ್ಟೇನೇನು? ಟೈಪ್ ಮಾಡಿದ ಕೈ ಯಾರದು? ಲಾಗಿನ್ ಯಾರದು?"

"ಹೇಳಿದ್ದು ನೀವ್ರಿ."

"ಸಾಕ್ಷಿ ತೋರಸು. ಆರು ಪಟ್ಟಿ ಯಾರ್ಯಾರವು ಅಂತ ಬಾಯಿ ಬಿಟ್ಟೆಂದ್ರ ರೋಗಿಗಳ ಗುಟ್ಟ ಹೊರಗ ಹಾಕಿದ ತಪ್ಪಿಗೆ ಜೈಲಿಗೆ ಹೋಗ್ತಿ. ಇನ್ನ ಈ ದಾಖಲಿ ಅಂತೀಯಾ, ಸತ್ತಾಕಿ ನಿನ್ನ ಅಕ್ಕ, ದಾಖಲಿ ಇಡಾಕಿ ನೀನು. ತಿದ್ದೀಯಂತ ಯಾರಾರ ಅಂದ್ರ?"

ಗಂಟಲು ಸರಿಪಡಿಸಿಕೊಳ್ಳುವವರಂತೆ ಮಫ್ಲರ್ ಮೇಲೆ ಕೈಯಾಡಿಸಿದರು. ನೀರು ಕುಡಿದಷ್ಟು ಸಲೀಸಾಗಿ ಮಾತು ಬರುತ್ತಿತ್ತು ಅವರಿಗೆ. ಒಂದೊಂದು ಮಾತೂ ಅವಳು ತೆಗೆದಿಟ್ಟ ಲೈನಿನಲ್ಲೇ ಬರುತ್ತಿತ್ತು. ಅವಳು ಹಲ್ಲು ಕಚ್ಚಿಕೊಂಡು ಹೊರಗೆ ಬಂದಳು. ಮೆಟ್ಟಿಲಿಳಿಯುವಾಗ ಒಂದೇ ಯೋಚನೆ: ಇವನ ಬಾಯಿಂದಲೇ ಹೇಳಿಸಬೇಕು. ಅಕ್ಕನ ಪಟ್ಟಿ ಚಾಲೂ ಇತ್ತು ಎಂದು ಊರ ಮುಂದೆ ಇವನೇ ಒಪ್ಪಬೇಕು.

ಹನ್ನೊಂದನೆಯ ನಂಬರಿನ ಲೈನನ್ನು ಕತ್ತರಿಸುವುದು ಅವಳಿಗೆ ಎರಡು ಕೀಲಿ ಒತ್ತಿದಷ್ಟು ಸುಲಭ. ಕೈ ಎಷ್ಟೋ ಸಲ ಆ ಕೀಲಿಗಳವರೆಗೆ ಹೋಗಿ ಬಂತು. ಭಾಷಣದ ನಟ್ಟನಡುವೆ ಸಾಹೇಬರ ಬಾಯಿ ಕಟ್ಟಿಹೋಗುವುದನ್ನು ನೆನೆದರೆ ಹೊಟ್ಟೆಯ ಉರಿ ಒಂದು ಗಳಿಗೆ ತಂಪಾಗುತ್ತಿತ್ತು. ಆದರೆ ಅದರಿಂದೇನು? ಯಂತ್ರ ಕೆಟ್ಟಿತ್ತು ಎನ್ನುತ್ತಾರೆ, ಇಲ್ಲವೇ ದ್ರಾಕ್ಷಾಯಣಿ ಕೆಡಿಸಿದಳು ಎನ್ನುತ್ತಾರೆ, ಮುಗಿಯಿತು. ಕದ್ದು ಮಾಡಿದ್ದು ಯಾವುದೂ ಉಪಯೋಗವಿಲ್ಲ. ಮಾಡುವುದನ್ನು ಅವರ ಎದುರಿಗೇ, ಅವರ ಒಪ್ಪಿಗೆ ಪಡೆದೇ ಮಾಡಬೇಕು.

ಅವಳು ಸರಕಾರಕ್ಕೆ ದೂರು ಬರೆದಳು. ತಿಂಗಳು ಕಳೆದ ಮೇಲೆ ನಿವೃತ್ತ ನ್ಯಾಯಾಧೀಶೆ ಮೆಹರುನ್ನೀಸಾ ನದಾಫ್ ಅವರನ್ನು ವಿಚಾರಣೆಗೆ ನೇಮಿಸಿದರು. ದ್ರಾಕ್ಷಾಯಣಿ ಅವರಿಗೆ ಒಂದೇ ವಿನಂತಿ ಕಳಿಸಿದಳು: ವಿಚಾರಣೆ ಮಂಗಳವಾರ, ಮುಂಜಾನೆ ಹತ್ತೂವರೆಗೆ ಇಡಬೇಕು, ನನ್ನ ಅಕ್ಕ ಸತ್ತ ವಾರ, ಸತ್ತ ಹೊತ್ತು. ನದಾಫ್ ಮೇಡಂ ಅದನ್ನು ದುಃಖಿತಳ ಬೇಡಿಕೆ ಎಂದು ತಿಳಿದು ಒಪ್ಪಿದರು. ಅಸುಂಡಿ ಕೂಡ ಗೊಣಗಲಿಲ್ಲ. ಸಂತೆಯೆಂದರೆ ಏನೆಂದು ಅವರಿಗೆ ಗೊತ್ತಿದ್ದರಲ್ಲವೇ? ಅವರು ನೋಡುತ್ತಿದ್ದದ್ದು ತಿಂಗಳ ಸರಾಸರಿ ಮಾತ್ರ. ಎಲ್ಲರೂ ಮಲಗಿರುವ ಹೊತ್ತು, ಉಣ್ಣುವ ಹೊತ್ತು ಎಲ್ಲ ಕೂಡಿಸಿ ಭಾಗಿಸಿದ ಅಂಕಿ. ತೊಂಬತ್ತು.

ವಿಚಾರಣೆಯ ಹಿಂದಿನ ದಿನ ಚಂಬಣ್ಣ ಖಾನಾವಳಿಗೆ ಬಂದ. ದ್ರಾಕ್ಷಾಯಣಿ ಅಕ್ಕನ ಒಲೆ ಸಾರಿಸುತ್ತ ಕುಳಿತಿದ್ದಳು.

"ತಂಗಿ, ಮೂವತ್ತ ಸೆಕೆಂಡ್ ಹಾಕಿದಾಕಿ ನೀನು. ಅದನ್ನೂ ಕೆದಕ್ತಾರ. ನೌಕರಿ ಹೋದೀತು."

"ಹೋಗ್ಲಿ."

"ಆ ಮನಿಷಾನ ಕೆಡವಾಕ ನೀನೂ ಬೀಳ್ತೀಯೇನು?"

"ಬಿದ್ದರ ಬೀಳ್ತೀನಿ ಚಂಬಣ್ಣಾ. ನಮ್ಮಕ್ಕನ ಮ್ಯಾಲ ಆ ಸುಳ್ಳ ಇರಾಕ ಬಿಡೂದಿಲ್ಲ. ನಾಳೆ ನೀ ಕೋಣ್ಯಾಗ ಕುಂದ್ರು. ನಾ ಏನ್ ಒತ್ತತೀನಿ, ಅದನ್ನ ನೋಡಿ ಬರಕೋ. ನೀ ಏನೂ ಮುಟ್ಟಬ್ಯಾಡ."

ತಹಸೀಲ್ದಾರ ಕಚೇರಿಯ ಸಭಾಭವನ ಮಂಗಳವಾರ ಕಿಕ್ಕಿರಿದಿತ್ತು. ಕಿಟಕಿಯಾಚೆಗೆ ಸಂತೆ. ಮಾಗಣಿಪೇಟೆಯ ಸಂತೆ ಬೇರೆ ಊರಿನ ಸಂತೆಯಂತೆ ಗದ್ದಲದ್ದಲ್ಲ. ಮಾತು ಬಂದಷ್ಟು ಬಂದು ನಡುನಡುವೆ ನಿಲ್ಲುತ್ತದೆ, ಆಗ ಬರಿ ತಕ್ಕಡಿಗಳ ಸದ್ದು, ಎತ್ತಿನ ಕೊರಳ ಗೆಜ್ಜೆ ಕೇಳುತ್ತವೆ. ಒಳಗೆ ಗೋಡೆಯ ಮೇಲಿನ ದೊಡ್ಡ ಪರದೆಗೆ ಪೂಲ್‌ನ ಅಂಕಿಗಳನ್ನು ಹಚ್ಚಲಾಗಿತ್ತು, ಅದರ ಕೀಲಿಮಣೆ ದ್ರಾಕ್ಷಾಯಣಿಯ ಮುಂದಿತ್ತು. ಅಸುಂಡಿ ಅರ್ಧ ತಾಸು ಮಾತಾಡಿದರು. ಯಂತ್ರದ ಗುಣಗಾನ ಮಾಡಿದರು, ಬಡವಿಯ ಸಾವಿಗೆ ಮರುಗಿದರು, ಪಟ್ಟಿ ಬಂದ್ ಇಟ್ಟರೆ ಯಾರೇನು ಮಾಡಲಾದೀತು ಎಂದು ಕೈ ಚೆಲ್ಲಿದರು.

"ತುರ್ತು ವಿಭಾಗ ಅಂತ ಅರವತ್ತು ಲೈನು ಬೇರೆ ಇಟ್ಟಿದ್ದರೆಂದು ದೂರು ಇದೆ" ಎಂದರು ನದಾಫ್ ಮೇಡಂ.

"ಅಂಥಾ ವಿಭಾಗ ನಾನು ಮಾಡಿಸಿಲ್ಲ ಮೇಡಂ. ಪರದೆ ಮ್ಯಾಲೆ ಏನಾರ ಕಂಡರ ಅದು ಈ ಹೆಣ್ಣಮಗಳ ಕೈವಾಡ. ನನಗೂ ಅದಕ್ಕೂ ಸಂಬಂಧ ಇಲ್ಲ. ಅದರ ಅವಶ್ಯಕತಿನೂ ಇಲ್ಲ. ಸರಾಸರಿ ತೊಂಬತ್ತ ಲೈನು. ಪಟ್ಟಿ ಚಾಲೂ ಇತ್ತಂದ್ರ ಒಂದ ಸೆಕೆಂಡ್."

ದ್ರಾಕ್ಷಾಯಣಿ ಎದ್ದು ನಿಂತಳು.

"ಮೇಡಂ, ಸಾಹೇಬ್ರು ಬ್ಯಾಡ ಅಂದ ಮ್ಯಾಲ ಆ ವಿಭಾಗ ಯಾಕಿರಬೇಕ್ರಿ? ಇಲ್ಲೇ, ನಿಮ್ಮೆದುರಿಗೆ ಅಳಸಿಬಿಡ್ತೀನಿ. ಆ ಅರವತ್ತೂ ಲೈನ್ ಊರಿನ ಪಾಲಿಗೆ ಬರ್ತಾವ. ಕಿತ್ತು ಕೂಡ್ಸಾಕ ಇಪ್ಪತ್ತ ನಿಮಿಷ ಹಿಡಿತೈತಿ, ಅಲ್ಲೀತನ ಮುನ್ನೂರ ನಲವತ್ತರಾಗ ನಡೀತೈತಿ. ಸಾಹೇಬ್ರ ಒಪ್ಪಿಗಿ ಇದ್ದರ ಮಾತ್ರ."

ಅಸುಂಡಿ ಅವಳನ್ನು ದಿಟ್ಟಿಸಿದರು. ಒಂದು ಗಳಿಗೆ ಅವರ ಕಣ್ಣಿನಲ್ಲಿ ಲೆಕ್ಕಾಚಾರ ಓಡಿತು. ಬೇಡ ಎಂದರೆ ವಿಭಾಗ ತಮ್ಮದೆಂದು ಒಪ್ಪಿದಂತೆ. ಹೂಂ ಎಂದರೆ ತಮ್ಮ ಪಟ್ಟಿಯೂ ಊರಿನ ಪಾಳಿಗೆ ಬೀಳುತ್ತದೆ. ಬಿದ್ದರೇನು, ಮುನ್ನೂರ ನಲವತ್ತಕ್ಕೆ ತೊಂಬತ್ತು ಬಳಕೆ, ಇನ್ನೂರೈವತ್ತು ಬಿಡುವು. ಅಂಕಿಯ ಮೇಲೆ ಅವರಿಗೆ ಬಹಳ ನಂಬಿಕೆ. ಪರದೆಯ ಕಡೆ ಬೆನ್ನು ಮಾಡಿ ಕುಳಿತಿದ್ದವರು ತಿರುಗಿ ನೋಡುವ ಗೋಜಿಗೂ ಹೋಗಲಿಲ್ಲ.

"ಅಳಸವಾ, ಖುಷೀಲೆ ಅಳಸು" ಎಂದು ನಕ್ಕರು.

"ಬರಕೊಳ್ರಿ ಮೇಡಂ, ಸಾಹೇಬ್ರು ಒಪ್ಪಿದ್ರು" ಎಂದಳು ದ್ರಾಕ್ಷಾಯಣಿ, ಮತ್ತು ಒತ್ತಿದಳು.

ಗೋಡೆಯ ಗಡಿಯಾರ ಹನ್ನೊಂದು ದಾಟಿ ಆರು ನಿಮಿಷ ತೋರಿಸುತ್ತಿತ್ತು. ತುರ್ತು ವಿಭಾಗದ ಕಾಲಮ್ಮು ಮಾಯವಾಯಿತು. ಅದನ್ನು ಬಳಸುತ್ತಿದ್ದ ಉಳಿದ ಐವರು ಗಣ್ಯರು ಎಲ್ಲೆಲ್ಲಿ ಬಾಯಿ ತೆರೆದು ನಿಂತರೋ ಆ ಭಗವಂತನೇ ಬಲ್ಲ. ನದಾಫ್ ಮೇಡಂ ಕನ್ನಡಕ ಸರಿಮಾಡಿಕೊಂಡು ಕೇಳಿದರು:

"ನಿರ್ದೇಶಕರೇ, ಕೊನೆಯದಾಗಿ ಹೇಳಿ. ಮೃತಳ ಪಟ್ಟಿ ಬಂದ್ ಇತ್ತು ಅನ್ನುವುದಕ್ಕೆ ನಿಮ್ಮ ಆಧಾರವೇನು?"

ಅಸುಂಡಿ ಎದೆ ಉಬ್ಬಿಸಿ ಬಾಯಿ ತೆರೆದರು. ಗಾಳಿ ಬಂತು. ಬಾಯಿ ಮುಚ್ಚಿ ಮತ್ತೆ ತೆರೆದರು. ಮತ್ತೆ ಗಾಳಿ. ಸಭೆ ಕಾಯಿತು. ಹತ್ತು ಸೆಕೆಂಡು. ಸಾಹೇಬರು ಮಫ್ಲರ್ ಸಡಿಲಿಸಿ ಕೆಮ್ಮಿದರು. ಇಪ್ಪತ್ತು. ಯಾರೋ ನೀರು ತಂದುಕೊಟ್ಟರು, ಅವರು ಲೋಟವನ್ನು ಪಕ್ಕಕ್ಕೆ ತಳ್ಳಿದರು. ಮೂವತ್ತು. ಮಫ್ಲರಿನ ಒಳಗಿನಿಂದ ಟಿಕ್ ಎಂದು ಸಣ್ಣ ಸದ್ದು ಬಂತು. ಕೋರಿಕೆ ಕೈಬಿಟ್ಟಾಗ ಪಟ್ಟಿ ಮಾಡುವ ಆ ಸದ್ದು ಸಭೆಯಲ್ಲಿದ್ದ ಪಟ್ಟಿಯವರಿಗೆಲ್ಲ ಗೊತ್ತಿತ್ತು. ಎಲ್ಲರ ಕುತ್ತಿಗೆ ಒಮ್ಮೆಗೇ ಅವರ ಕಡೆ ಹೊರಳಿತು.

"ಉತ್ತರ ಇಲ್ಲವೇ?" ಎಂದರು ನದಾಫ್. "ಪ್ರಶ್ನೆ ಕೇಳಿದರೆ ಸುಮ್ಮನೆ ನಿಂತರು ಎಂದು ಬರೆಯಲೇ?"

ಸಾಹೇಬರ ಮುಖ ಕಪ್ಪಿಟ್ಟಿತು. ಸುಮ್ಮನಿಲ್ಲ, ಸುಮ್ಮನಿಲ್ಲ ಎಂದು ಎರಡೂ ಕೈ ಆಡಿಸಿದರು. ಗಂಟಲು ತೋರಿಸಿದರು. ದ್ರಾಕ್ಷಾಯಣಿ ನಿಂತಲ್ಲಿಂದಲೇ ಕೇಳಿದಳು:

"ಸಾಹೇಬ್ರ, ಪಟ್ಟಿ ಬಂದ್ ಇಟ್ಟೀರೇನ್ರಿ?"

ಮೈಮೇಲೆ ಬಿಸಿನೀರು ಬಿದ್ದವರಂತೆ ಅಸುಂಡಿ ಮಫ್ಲರ್ ಕಿತ್ತೆಸೆದರು. ಕೊರಳಿನ ಪಟ್ಟಿ ಬಯಲಾಯಿತು. ಅದರ ಮೇಲೆ ಹಳದಿ ದೀಪ. ಅವರು ಅದಕ್ಕೆ ಬೆರಳಿಟ್ಟು ತೋರಿಸಿದರು, ಚಾಲೂ ಇದೆ, ನೋಡಿ, ಚಾಲೂ ಇದೆ ಎಂದು ತಲೆಯನ್ನು ಜೋರಾಗಿ ಆಡಿಸಿದರು. ಆಡಿಸುತ್ತ ಆಡಿಸುತ್ತಲೇ ತಾವೇನು ಮಾಡುತ್ತಿದ್ದೇವೆಂದು ಅವರಿಗೆ ಹೊಳೆಯಿತು. ತಲೆ ನಿಂತಿತು. ಆದರೆ ನದಾಫ್ ಮೇಡಂ ಅಷ್ಟರಲ್ಲೇ ಗುಮಾಸ್ತನಿಗೆ ಹೇಳಿ ಬರೆಸುತ್ತಿದ್ದರು: "ಪಟ್ಟಿ ಚಾಲೂ ಇದೆ ಎಂದು ನಿರ್ದೇಶಕರು ಸನ್ನೆಯಿಂದ ಒಪ್ಪಿದರು. ಮೂವತ್ತು ಸೆಕೆಂಡು ಕಳೆದರೂ ಪದ ದೊರೆಯಲಿಲ್ಲ."

ದ್ರಾಕ್ಷಾಯಣಿಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಬೇಕು, ಬಹಳ ಖುಷಿಯಾಯಿತು. ಪರದೆ ತೋರಿಸಿ ಹೇಳಿದಳು:

"ಪಾಳ್ಯಾಗ ಇನ್ನೂರ ಹದಿನಾಕ ಮಂದಿ ಅದಾರ್ರಿ ಮೇಡಂ. ಒಮ್ಮೆ ಕೈಬಿಟ್ಟರ ಹೊಳ್ಳಿ ಬಾಲಕ್ಕ ನಿಲ್ಲಬೇಕು. ನಮ್ಮಕ್ಕ ಮೂರ ಸಲ ನಿಂತಾಳ. ಎದಿ ಹಿಡಕೊಂಡು."

ಅಸುಂಡಿ ಇನ್ನೂ ಎರಡು ಸಲ ಪ್ರಯತ್ನಿಸಿದರು. ಎರಡು ಸಲವೂ ಟಿಕ್. ಆಮೇಲೆ ಅವರು ಅವಳ ಕಡೆ ತಿರುಗಿ ಕೈ ಜೋಡಿಸಿದರು. ಒಂದು ಲೈನು ಕೊಡು ಎಂದು ಕಣ್ಣಿನಲ್ಲೇ ಬೇಡಿದರು. ಬೇಕಾಗಿದ್ದರೆ ಅವಳು ಕೊಡಬಹುದಿತ್ತು. ಹನ್ನೊಂದನೆಯ ನಂಬರನ್ನು ಪಾಳಿಯ ತಲೆಗೆ ತರುವುದು ಅವಳಿಗೆ ಚಿಟಿಕೆ ಹೊಡೆದಷ್ಟು ಕೆಲಸ. ನದಾಫ್ ಮೇಡಂ ಕೂಡ ಅವಳನ್ನೇ ನೋಡಿದರು.

"ಏನಾದರೂ ಮಾಡಲು ಬರುತ್ತದೆಯೇ?"

"ಬರ್ತೈತ್ರಿ. ಮಾಡೂದಿಲ್ರಿ. ಪಾಳಿ ಬಂದಾಗ ಮಾತ ಬರ್ತಾವ."

ಹಾಗಾಗಿ ಸಭೆ ಕಾಯಿತು. ಕುರ್ಚಿಯಿದ್ದರೂ ಸಾಹೇಬರು ಕೂರಲಿಲ್ಲ, ಕೂರುವುದು ನೆನಪಾಗಲಿಲ್ಲವೋ ಏನೋ. ಬೆವರು ಇಳಿದು ಅಂಗಿಯ ಕಾಲರು ನೆನೆಯಿತು. ಮುಂದಿನ ಸಾಲಿನ ಒಬ್ಬ ಮುದುಕಿ, ಪಟ್ಟಿ ಹಾಕಿಕೊಂಡವಳು, ಅವರನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದಳು. ಅವಳೂ ಏನೋ ಹೇಳಬೇಕೆಂದಿದ್ದಳು, ಅವಳ ದೀಪವೂ ಹಳದಿ. ಪರದೆಯಲ್ಲಿ ಹೊಸ ಲೈನುಗಳು ಒಂದೊಂದಾಗಿ ಕೂಡತೊಡಗಿದ್ದು ಇಪ್ಪತ್ತನೆಯ ನಿಮಿಷಕ್ಕೆ. ಮುನ್ನೂರೈವತ್ತು. ಮುನ್ನೂರೆಪ್ಪತ್ತು. ಪಾಳಿ ಇನ್ನೂರ ಹದಿನಾಲ್ಕರಿಂದ ನೂರ ಅರವತ್ತಕ್ಕೆ ಇಳಿಯಿತು, ಎಪ್ಪತ್ತೊಂದಕ್ಕೆ ಇಳಿಯಿತು. ನಾನೂರನೆಯ ಲೈನು ಕೂಡಿ ಎರಡು ನಿಮಿಷ ಆಗಿರಲಿಲ್ಲ, ಪಾಳಿ ಸೊನ್ನೆ.

ಕಿಟಕಿಯಾಚೆ ಸಂತೆಯಿಂದ ಗದ್ದಲ ಎದ್ದಿತು. ಕೂಗು, ನಗು, ಬೈಗುಳ, ಮೆಣಸಿನಕಾಯಿ ಮಾರುವವನ ಒದರಾಟ. ಇಷ್ಟು ಮಾತನ್ನು ಆ ಊರು ಆರು ವರ್ಷದಲ್ಲಿ ಒಮ್ಮೆಗೆ ಕೇಳಿರಲಿಲ್ಲ. ಜನ ಕಿಟಕಿಗೆ ಮುಗಿಬಿದ್ದರು. ದ್ರಾಕ್ಷಾಯಣಿ ಹೋಗಲಿಲ್ಲ. ಅರವತ್ತು ಲೈನು ಕೊಟ್ಟಿದ್ದರೆ ಪಾಳಿಯೇ ಇರುತ್ತಿರಲಿಲ್ಲ ಎಂಬುದು ಅವಳಿಗೆ ದಾಖಲೆ ನೋಡಿದ ದಿನವೇ ಗೊತ್ತಿತ್ತು. ಗೊತ್ತಿದ್ದದ್ದನ್ನು ಕಿವಿಯಿಂದ ಕೇಳಿದಾಗ ಮಾತ್ರ ತಡೆಯಲಾಗಲಿಲ್ಲ. ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಅಸುಂಡಿಯ ಕೊರಳಲ್ಲಿ ದೀಪ ಹಸಿರಾಯಿತು. ನದಾಫ್ ಮೇಡಂ ಲೇಖನಿ ಕೈಗೆತ್ತಿಕೊಂಡರು.

"ಈಗ ಮಾತು ಇದೆ. ಅರವತ್ತು ಲೈನು ಬೇರೆ ಇಡಿಸಿದವರು ಯಾರು?"

ಭಂಡಾರದಲ್ಲಿ ಸಾಹೇಬರವು ಎಂಬತ್ತು ಸಾವಿರ ಪದಗಳಿದ್ದವು, ಯಾವುದೂ ಕೈಗೆ ಸಿಗುತ್ತಿಲ್ಲವೇನೋ ಎಂಬಂತೆ ನಿಂತರು. ಆಮೇಲೆ, ಮುದುಕಿಯ ಕಣ್ಣು ತಪ್ಪಿಸಿ, ನೆಲ ನೋಡುತ್ತ ಹೇಳಿದರು:

"ನಾನ."

"ಬಂಗಾರೆವ್ವನ ಪಟ್ಟಿ?"

"ಚಾಲೂ ಇತ್ತು."

ಗುಮಾಸ್ತ ಬರೆದ. ನದಾಫ್ ಮೇಡಂ ಕಾಗದ ತಿರುವಿ, ಕನ್ನಡಕದ ಮೇಲಿನಿಂದ ದ್ರಾಕ್ಷಾಯಣಿಯನ್ನು ನೋಡಿದರು. ಅವರ ದನಿ ಮೊದಲಿಗಿಂತ ಮೆತ್ತಗಿತ್ತು.

"ಇನ್ನೊಂದಿದೆ. ಮೂವತ್ತು ಸೆಕೆಂಡಿಗೆ ಕೈಬಿಡುವ ನಿಯಮ. ಅದು ಯಾರ ಆದೇಶ?"

ಸಭೆಯ ಹಿಂದಿನ ಸಾಲಿನಿಂದ ಯಾರೋ ಬೇಡ, ಹೇಳಬೇಡ ಎಂದು ಸನ್ನೆ ಮಾಡಿದರು. ದ್ರಾಕ್ಷಾಯಣಿ ಕಣ್ಣೊರೆಸಿಕೊಂಡಳು.

"ಯಾರದೂ ಅಲ್ರಿ. ನಾನ ಹಾಕಿದ್ದು. ಪಾಳಿ ಉದ್ದ ಕಾಣಬಾರದಂತ ಹಾಕಿದ್ದು. ಕಾಯಾಕ ಬಿಟ್ಟಿದ್ದರ ಮೊದಲನೇ ಫೋನಿನ್ಯಾಗ ಆಗಲಿಲ್ಲಂದ್ರೂ ಮೂರನೇದರಾಗರ ನಮ್ಮಕ್ಕಗ ಮಾತ ಸಿಗತಿತ್ತು. ಬರಕೊಳ್ರಿ, ನನ್ನ ಹೆಸರೂ ಬರಕೊಳ್ರಿ."

ಗುಮಾಸ್ತ ಹೊಸ ಹಾಳೆ ತೆಗೆದು, ತಪ್ಪಿತಸ್ಥರು ಎಂದು ಮೇಲೆ ಬರೆದು, ಯಾರ ಹೆಸರು ಮೊದಲು ಹಾಕಲಿ ಎಂದು ಮೇಡಂ ಮುಖ ನೋಡಿದ. ಮೇಡಂ ಏನೂ ಹೇಳುವ ಮೊದಲೇ ದ್ರಾಕ್ಷಾಯಣಿ ಹೇಳಿದಳು:

"ಸಾಹೇಬ್ರದ ಮೊದಲ ಬರಿಯಪ್ಪ. ಅವರಿಗೆ ಪಾಳಿ ಹಚ್ಚಿ ರೂಢಿಯಿಲ್ಲ."